ವಿಭೂತಿ ಬಳಿದ ವೈಫೈ

ಲೋಕದಲ್ಲಿ ಯಾರು ಬೇಕಾದರೂ ಕಿರಣಗಳಿಗೆ ಬಲಿಯಾಗಲಿ, ತುಮಕೂರಿನ ನನ್ನ ಮನೆಯಲ್ಲಿ ಮಾತ್ರ ಒಂದು ತಲೆಯೂ ಸಿಡಿಯಕೂಡದು! ಆಯುಧಪೂಜೆಯ ಬೆಳಗ್ಗೆ ನಾನು ಮಾಡಿದ ಭೀಷಣ ಪ್ರತಿಜ್ಞೆಯಿದು. ಕಾರಣ, ಕುಣಿಗಲ್ಲಿನ ನನ್ನ ಷಡ್ಡಕ ಮೋಹನ್‌ಕುಮಾರ್ ಹಿಂದಿನ ದಿನ ಕಳಿಸಿದ್ದ ವಾಟ್ಸಾಪ್ ಸಂದೇಶ. ವೈಫೈ ಪೆಟ್ಟಿಗೆಯ ಸಣ್ಣ ಕಿರಣವೂ ಮೆದುಳನ್ನು ಬೇಯಿಸುತ್ತದಂತೆ! ಎದ್ದಾಗಿನಿಂದ ನನ್ನ ನೆತ್ತಿ ಕುಕ್ಕರಿನಂತೆ ಸೀಟಿ ಹಾಕುತ್ತಿತ್ತು. ಮೇಲಾಗಿ, ಪೂಜೆ ಮುಗಿಯುವ ತನಕ ಕಾಫಿ ಇಲ್ಲವೆಂಬ ಅವ್ವನ ಕಟ್ಟಳೆ ಬೇರೆ.

"ಸುಮನಾ, ಇವತ್ತೇ ವೈಫೈ ಕೀಳಿಸ್ತೀನಿ!"

"ಕೀಳ್ಸಿ. ಮಗಳ ಇಂಟರ್‌ವ್ಯೂನ ನಿಮ್ಮ ನೆತ್ತಿಯಿಂದ ಕೊಡ್ಸಿ" ಎಂದಳು ಹೆಂಡತಿ, ಬೂದುಗುಂಬಳಕಾಯಿಗೆ ಕುಂಕುಮ ತುಂಬುತ್ತಾ.

ಗುಬ್ಬಿ ಬಳಿಯ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ಟ್ರೈನಿ ಕೆಲಸಕ್ಕೆ ಭೂಮಿಕಾಳಿಗೆ ನಾಡಿದ್ದು ಆನ್‌ಲೈನ್ ಸಂದರ್ಶನ. ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ.

"ಎರಡೇ ದಿನ ತಡಿಯಪ್ಪಾ..." ಎಂದಳು ಮಗಳು. ಅವಳ ಕಣ್ಣು ತುಂಬಿದ್ದು ನೋಡಿ ನನಗೂ ಕರುಳು ಚುರ್ ಎಂದಿತು. ಆದರೆ ತಲೆ ಅದಕ್ಕಿಂತ ಜೋರಾಗಿ ಚುರ್ ಎನ್ನುತ್ತಿತ್ತು! ಬೀದಿಗೆ ಹೋಗಿ ಕೇಬಲ್ ಲಕ್ಷ್ಮೀಕಾಂತನಿಗೆ ಫೋನು ಮಾಡಿಯೇಬಿಟ್ಟೆ.

ಅವನು ಬಂದಾಗ ವೈಫೈ ಪೆಟ್ಟಿಗೆ ಮೂರು ಪಟ್ಟೆ ವಿಭೂತಿ ಬಳಿದುಕೊಂಡು, ಕೊರಳ ತುಂಬ ಚೆಂಡುಹೂವು ಹೊದ್ದು ಮಠದ ಸ್ವಾಮಿಗಳಂತೆ ಕೂತಿತ್ತು. ಅವ್ವನ ಕೈಚಳಕ.

"ನೋಡಯ್ಯಾ, ಹತ್ರ ಹೋದ್ರೆ ತಲೆ ಜುಂ! ದೂರ ಬಂದ್ರೆ ಹಗುರ! ಇನ್ನೇನ್ ಸಾಕ್ಷಿ ಬೇಕು?" ಎಂದು ಅದರ ಮುಂದೆ ಹಿಂದಕ್ಕೂ ಮುಂದಕ್ಕೂ ಓಡಾಡಿ ತೋರಿಸಿದೆ.

ಮಂಗಳಾರತಿ ತಟ್ಟೆ ಹಿಡಿದು ಅವ್ವ ಬಂದಳು. "ಏನ್ಲಾ ರೇಣುಕ, ಅದ್ರ ಮುಂದೆ ಕುಣೀತಿದೀಯ?"

"ಕಿರಣ ಕಣವ್ವಾ! ಹೊಡೀತಾ ಇದೆ!"

"ಯಾವ ಕಿರಣ? ಬೆಳಗ್ಗೇನೇ ವೈರು ಕಿತ್ತಿಟ್ಟಿದೀನಿ ಕಣ್ಲಾ! ಪೂಜೆ ಮಾಡಿದ ಆಯುಧಾನ ನಾಳೆ ತಂಕ ಓಡಿಸಬಾರ್ದು ಅಂತ ಗೊತ್ತಿಲ್ವಾ?"

ಲಕ್ಷ್ಮೀಕಾಂತ ಹೂವು ಸರಿಸಿದ. ವೈರು ಅನಾಥವಾಗಿ ನೇತಾಡುತ್ತಿತ್ತು. ಅವನು ಕಡಲೆಪುರಿ ತಿನ್ನುತ್ತಾ ನಕ್ಕಿದ್ದೇ ನಕ್ಕಿದ್ದು!

ಮಂಗಳಾರತಿಯಾಯಿತು, ಕಾಫಿ ಬಂತು. ನಾಲ್ಕು ಗುಟುಕಿಗೆ ಕಿರಣಗಳೆಲ್ಲ ಊರ್ಡಿಗೆರೆ ದಾಟಿ ಓಡಿದವು.

ಸಂದರ್ಶನದ ದಿನ ಆ ಪೆಟ್ಟಿಗೆಗೆ ನಾನೇ ಕಾವಲು ಕೂತೆ. ಭೂಮಿಕಾ ಹಲ್ಲು ಬಿಡುತ್ತಾ ಹೊರಬಂದಳು.

"ಮುಂದಿನ ರೌಂಡಿಗೆ ಗುಬ್ಬಿಗೆ ಬನ್ನಿ ಅಂದ್ರು ಅಪ್ಪಾ! ಮೆಷಿನ್ ಮೇಲೆ ಕಂಪ್ಲೇಂಟ್ ಬಂದ್ರೆ ಮೊದಲು ಏನ್ ಮಾಡ್ತೀರಿ ಅಂತ ಕೇಳಿದ್ರು. ವೈರ್ ಹಾಕಿದ್ಯಾ ನೋಡ್ತೀನಿ ಸಾರ್ ಅಂದೆ. ಭೇಷ್, ಯಾರಮ್ಮ ಹೇಳ್ಕೊಟ್ಟಿದ್ದು ಅಂದ್ರು."

"ಏನಂದೆ?"

"ನಮ್ಮಪ್ಪ ಸಾರ್ ಅಂದೆ!"