ಎದುರಿನ ಹೋಟೆಲ್ ಹೇಗಿದೆ ಸಾರ್?

ತುಮಕೂರಿನ ಆ ಹಳೇ ಹೋಟೆಲಿನ ಎದುರಿಗೇ ನನ್ನ ಟೈಲರ್ ಅಂಗಡಿ. ಕಾರು ನಿಲ್ಲಿಸಿದವರೆಲ್ಲ ಮೊದಲು ನನ್ನನ್ನೇ ಕೇಳುತ್ತಾರೆ: "ಸಾರ್, ಅಷ್ಟ್ ದೂರದಿಂದ ಬಂದಿದೀವಿ, ವರ್ತ್ ಇದ್ಯಾ?" ಹಾಗಾಗಿ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಈ ಒಂದು ಪ್ರಶ್ನೆಯಿಂದ ನನ್ನ ಮಗಳ ಮದುವೆಯೇ ಮುರಿದುಬೀಳುವುದರಲ್ಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಕುರ್ಚಿಯ ಹಿಂದೆ

ಅಲ್ಲಿ ಸೀಟು ಬೇಕಾದರೆ ತಿನ್ನುತ್ತಿರುವವರ ಬೆನ್ನ ಹಿಂದೆ ಹೋಗಿ ನಿಲ್ಲಬೇಕು. ನನ್ನ ಹತ್ತಿರ ಪ್ಯಾಂಟು ಹೊಲಿಸುವ ಗುಬ್ಬಿಯ ಮೇಷ್ಟ್ರೊಬ್ಬರು, ಕಾಫಿ ಕುಡಿಯುತ್ತಿದ್ದ ಒಬ್ಬನನ್ನು ಆರಿಸಿಕೊಂಡು ಹಿಂದೆ ನಿಂತರಂತೆ. ಸುತ್ತಲಿನ ಟೇಬಲ್ಲುಗಳಲ್ಲಿ ಮೂರು ಸಲ ಜನ ಬದಲಾದರೂ ಈ ಆಸಾಮಿ ಮಾತ್ರ ಏಳಲಿಲ್ಲ. ಕೊನೆಗೊಮ್ಮೆ ಎದ್ದವನು ಹೆಗಲ ಮೇಲಿನ ಬಟ್ಟೆ ತೆಗೆದು ಟೇಬಲ್ ಒರೆಸಿ ಕೇಳಿದ: "ಕೂತ್ಕೊಳಿ ಸಾರ್, ಏನ್ ಕೊಡ್ಲಿ?"

ರುಚಿಯ ಗುಟ್ಟು

ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ, ಬಾಗಿಲಲ್ಲಿ ನಿಂತಿದ್ದ ಹೋಟೆಲಿನ ಮುದಿ ಯಜಮಾನರನ್ನು ಕೇಳಿದ: "ತಾತ, ನಿಮ್ ತಟ್ಟೆ ಇಡ್ಲಿ ರುಚಿಗೆ ಏನ್ ಗುಟ್ಟು?"

"ಒಂದ್ ಗಂಟೆ ಹಸಿವಲ್ಲೇ ನಿಲ್ಲಿಸ್ತೀವಲ್ಲಪ್ಪ, ಇನ್ನೇನ್ ಬೇಕು?"

ಆ ವಿಡಿಯೋ ನೋಡಿ ಬಂದವರಿಂದ ಮುಂದಿನ ಭಾನುವಾರ ಎರಡು ಗಂಟೆ ನಿಲ್ಲಬೇಕಾಯಿತು. ರುಚಿ ಇನ್ನೂ ಚೆನ್ನಾಗಿತ್ತಂತೆ.

ನನ್ನ ಸರದಿ

ಇನ್ನು ಮದುವೆಯ ವಿಷಯ. ಹುಡುಗನ ಮನೆ ಕುಣಿಗಲ್. ಹುಡುಗನ ತಂದೆ ಮೊದಲ ದಿನವೇ ಹೇಳಿದ್ದರು: "ಕೊಡೋದು ಬಿಡೋದು ಏನೂ ಬೇಡ ಯಜಮಾನ್ರೇ, ಸುಳ್ ಹೇಳೋ ಮನೆ ಮಾತ್ರ ಆಗ್ಬಾರ್ದು."

ಮಾತು ಮುಗಿಸಲು ಅಂಗಡಿಗೆ ಬಂದವರು ಎದುರಿಗೆ ನೋಡಿ, "ಅಷ್ಟೊಂದ್ ಹೆಸರೈತೆ, ಹೋಗ್ಬೋದಾ?" ಅಂದರು. ಕೇಳಿದವರಿಗೆಲ್ಲ ಹೊಗಳಿ ಕಳಿಸುವುದು ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ತಡೆಯಲಿಲ್ಲ. "ಅಯ್ಯೋ, ವಾರಕ್ಕೆ ಎರಡ್ ಸಲ ನಾನೇ ಹೋಗ್ತೀನಿ!" ಅಂದುಬಿಟ್ಟೆ. ನಿಜ ಏನೆಂದರೆ, ನಾನು ಆ ಹೊಸ್ತಿಲು ದಾಟಿದವನೇ ಅಲ್ಲ. ಎದುರಿಗೇ ಇದೆಯಲ್ಲ, ನಾಳೆ ಹೋದರಾಯಿತು ಅಂತಲೇ ಇಪ್ಪತ್ತು ವರ್ಷ ಕಳೆದಿದ್ದೆ.

ಇಬ್ಬರೂ ಹೋಗಿ ಕೂತೆವು. ತಟ್ಟೆ ಇಡ್ಲಿ ತಂದಿಟ್ಟ ಸಪ್ಲೈಯರ್ ನನ್ನನ್ನು ನೋಡಿ ಕಣ್ಣರಳಿಸಿದ. "ಏನ್ ಟೈಲರಣ್ಣ, ಇವತ್ತೊಂದ್ ದಿನ ಒಳಗ್ ಬಂದ್ಬುಟ್ರಲ್ಲ! ಅಂಗ್ಡೀಲಿ ಕರೆಂಟ್ ಹೋಯ್ತಾ?"

ಮಗಳಿಗೆ ಏನು ಹೇಳಲಿ ಅಂತ ಹೆದರಿಕೆಯಾಯಿತು. "ಸುಳ್ ಹೇಳ್ದೆ, ತಪ್ಪಾಯ್ತು" ಅಂತ ಒಪ್ಪಿಕೊಂಡೆ. ಅವರು ಇಡ್ಲಿ ಪೂರ್ತಿ ಮುಗಿಸಿದರು. ಆಮೇಲೆ ಕೈ ತೊಳೆದು ಬಂದು, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬುಡಿ ಬೀಗ್ರೇ. ನಮ್ಮನೆ ಕುಣಿಗಲ್ ಕುದುರೆ ಫಾರಂ ಪಕ್ಕದಲ್ಲೇ. ಕೇಳ್ದೋರ್ಗೆಲ್ಲ 'ಸೂಪರಾಗೈತೆ, ನೋಡ್ಲೇಬೇಕು' ಅಂತೀನಿ. ಹುಟ್ದಾಗಿಂದ ಅಲ್ಲಿ ಒಂದ್ ಕುದುರೆ ಮುಖಾನೂ ನಾನು ನೋಡಿಲ್ಲ!"