ಮೂರನೇ ಸಾಲಿನ ಟೋಪಿಯವನು

ಎಲ್ಲ ಶುರುವಾದದ್ದು ಶನಿವಾರದ ಪೇಪರಿನಿಂದ. ‘ಎಪ್ಪತ್ತರ ದಶಕದ ಮರೆಯಲಾಗದ ಬೇಸ್‌ಬಾಲ್’ ಅಂತ ಅರ್ಧ ಪುಟದ ಫೋಟೊ ಹಾಕಿದ್ದರು. ಊರ ತಂಡದ ಜೂನಿಯಸ್ ಹಾಲೊವೇ ಹೊಡೆದ ಆ ಹೋಮ್ ರನ್ನಿನ ಚೆಂಡು ಮೈದಾನ ದಾಟಿ ಎಡಗಡೆಯ ಗ್ಯಾಲರಿಗೆ ಬಂದು ಬೀಳುತ್ತಿರುವ ಗಳಿಗೆ. ಕಾರ್ಮೈನ್ ಅದನ್ನು ಕತ್ತರಿಸಿ ತನ್ನ ಕ್ಷೌರದಂಗಡಿಯ ಕನ್ನಡಿಗೆ ಅಂಟಿಸಿಬಿಟ್ಟ.

ಲೆಸ್ಟರ್ ಡುಡಾ ಆಗಲೇ ಕುರ್ಚಿಯಲ್ಲಿ ಕತ್ತಿನ ತನಕ ಬಿಳಿ ಬಟ್ಟೆ ಹೊದ್ದು ಕೂತು, ಮುಖದ ತುಂಬ ನೊರೆ ಬಳಿಸಿಕೊಂಡು, ಎಂದಿನಂತೆ ಅದೇ ಕತೆ ಹೇಳುತ್ತಿದ್ದ.

“ಎದುರಿಗೆ ಓರ್ವಿಲ್ ಟಿಬ್ಸ್. ಮೀಸೆಗೆ ಎಣ್ಣೆ ಹಚ್ಚಿ ಅದೇ ಬೆರಳಲ್ಲಿ ಚೆಂಡು ಎಸೀತಿದ್ದ ಕಳ್ಳ! ನಮ್ಮ ಹಾಲೊವೇ ಬ್ಯಾಟನ್ನ ಕೆನ್ನೆಗೆ ಒತ್ಕೊಂಡ, ಗುಟ್ಟು ಕೇಳಿಸ್ಕೊಳ್ಳೋ ಹಂಗೆ. ಆಮೇಲೆ ಬೀಸಿದ ನೋಡು! ಚೆಂಡು ಮೇಲೆ ಹೋಯ್ತು, ಹೋಯ್ತು, ಅಲ್ಲೇ ನಿಂತ್ಬಿಡ್ತು. ಹಗಲು ಹೊತ್ತಿನ ಚಂದ್ರನ ಹಂಗೆ. ನಾನು ಮೂರನೇ ಸಾಲು. ಕೈ ಚಾಚಿದ್ರೆ ಸಿಗ್ತಿತ್ತು.”

ಆ ಆಟ ನೋಡಿದೆ ಅನ್ನುವವರನ್ನೆಲ್ಲ ಕೂರಿಸಬೇಕಾದರೆ ಈ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಇನ್ನೆರಡು ಮೈದಾನ ಕಟ್ಟಿಸಬೇಕು. ಆದರೆ ಲೆಸ್ಟರನಷ್ಟು ಸೊಗಸಾಗಿ ಹೇಳುವವರು ಯಾರೂ ಇರಲಿಲ್ಲ. ನಿಜ ಏನೆಂದರೆ, ಪುಣ್ಯಾತ್ಮ ಆ ದಿನ ಮೈದಾನದೊಳಗೆ ಕಾಲೇ ಇಟ್ಟಿರಲಿಲ್ಲ. ತನಗೊಂದು, ಹೆಂಡತಿ ಬರ್ನಿಸ್‌ಗೊಂದು ಟಿಕೆಟ್ ತಂದಿದ್ದ. ಬೇಸ್‌ಬಾಲ್ ಅಂದರೆ ತಲೆನೋವು, ನಾನೊಲ್ಲೆ ಅಂದಿದ್ದಳು ಅವಳು. ಹೊರಡುವ ಹೊತ್ತಿಗೆ ನೋಡಿದರೆ ಎರಡೂ ಟಿಕೆಟ್ ಮಾಯ. ಕಳೆದೆ ಅಂತ ಹೇಳಲು ನಾಚಿ, ಸುಮ್ಮನೆ ಹೋಗಿ ಮೈದಾನದ ಹೊರಗೆ ಕಾರಿನಲ್ಲಿ ರೇಡಿಯೊ ಹಚ್ಚಿಕೊಂಡು ಕೂತವನಿಗೆ ಬಿಸಿಲಿಗೆ ಜೋಂಪು ಹತ್ತಿತು. ಚೆಂಡು ಆಕಾಶದಲ್ಲಿ ನಿಂತದ್ದು ಆ ಕನಸಿನಲ್ಲಿ. ಹೇಳಿ ಹೇಳಿ ಈಗ ಅವನಿಗೇ ಅದು ಕಣ್ಣಾರೆ ಕಂಡ ಹಾಗಿತ್ತು. ಅದೊಂದನ್ನು ಕಿತ್ತುಕೊಂಡರೆ, ಕುಲುಮೆಯ ಮುಂದೆ ಬೆವರಿದ್ದು ಬಿಟ್ಟು ಅವನ ಬಾಳಿನಲ್ಲಿ ಹೇಳಿಕೊಳ್ಳುವಂಥದು ಏನೂ ಇರಲಿಲ್ಲ.

ಕಾರ್ಮೈನ್ ಬಾಚಣಿಗೆಯಿಂದ ಫೋಟೊದ ಸಾಲು ಎಣಿಸಿದ. ಮೂರನೆಯದರಲ್ಲಿ, ಟೋಪಿ ಮೂಗಿನ ತನಕ ಇಳಿದ ಒಬ್ಬ ಬಾಯಿ ಬಿಟ್ಟುಕೊಂಡು ನಿಂತಿದ್ದ. “ಅಯ್ಯೋ ಮಾರಾಯ, ನೀನೇ ಕಣೋ ಇದು! ಕಿವಿ ನೋಡು, ಹೂಜಿಗೆ ಹಿಡಿ ಇದ್ದಂಗೆ!”

ಇಲ್ಲ ಅನ್ನಬಹುದಿತ್ತು. “ಮತ್ತೆ? ನಾನೇ!” ಅಂದುಬಿಟ್ಟ ಲೆಸ್ಟರ್.

ಗಂಡಸರ ಕ್ಷೌರದಂಗಡಿಯಲ್ಲಿ ಪಕ್ಕದ ಬೇಕರಿಯ ಡೊಲೊರೆಸ್‌ಗೆ ಏನು ಕೆಲಸ ಅಂತ ಯಾರೂ ಕೇಳುತ್ತಿರಲಿಲ್ಲ. ಸುದ್ದಿ ಇದ್ದಲ್ಲಿ ಅವಳು ಇರುತ್ತಿದ್ದಳು. ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು ಕನ್ನಡಕ ಏರಿಸಿದಳು. “ಅದು ಸರಿ ಲೆಸ್ಟರ್, ನಿನ್ನ ಕತ್ತಿಗೆ ಜೋತುಬಿದ್ದಿರೋ ಈ ಚುಕ್ಕಿ ಸ್ಕಾರ್ಫಿನವಳು ಯಾರು?”

ಲೆಸ್ಟರ್ ಆಗ ನೋಡಿದ. ಹೌದು, ಒಬ್ಬಳು ಜೋತುಬಿದ್ದಿದ್ದಳು. ಮುಖವನ್ನು ಅವನ ಭುಜದಲ್ಲಿ ಹುದುಗಿಸಿಕೊಂಡಿದ್ದಳು.

“ಯಾರೋ ಪಕ್ಕದ ಸೀಟಿನವಳು. ಖುಷಿಗೆ...”

“ಖುಷಿಗೆ ಚಪ್ಪಾಳೆ ತಟ್ತಾರೆ ಕಣಪ್ಪ.”

“ಹಾಂ, ನಮ್ಮ ಚಿಕ್ಕಮ್ಮ!”

“ಚಿಕ್ಕಮ್ಮನ ಸೊಂಟಾನ ಯಾರಾದ್ರೂ ಹಿಂಗೆ ಹಿಡೀತಾರಾ?” ಅಂದ ಕಾರ್ಮೈನ್, ಭಾರೀ ಆಸಕ್ತಿಯಿಂದ.

“ನಿನ್ನ ಮದುವೆ ಕೇಕು ಮಾಡಿದ್ದು ನಾನು. ಈ ಆಟ ಆಗಿದ್ದು ಅದರ ಮರುವರ್ಷ,” ಅನ್ನುತ್ತ ಡೊಲೊರೆಸ್ ಏಪ್ರನ್ ಬಿಚ್ಚಿದಳು. “ಪಾಪ, ಬರ್ನಿಸ್‌ಗೆ ತಿಳೀಲೇಬೇಕು,” ಅಂತ ಓಡಿಯೇಬಿಟ್ಟಳು.

ಲೆಸ್ಟರ್ ಫೋಟೊ ಕಿತ್ತುಹಾಕಲು ಎದ್ದ. ಹೊದ್ದ ಬಟ್ಟೆ ಕಾಲಿಗೆ ಸಿಕ್ಕಿ ಪೌಡರ್ ಡಬ್ಬಗಳ ಮೇಲೆ ಬಿದ್ದ. ಎದ್ದು ಕಣ್ಣು ಬಿಡುವಷ್ಟರಲ್ಲಿ ಬಾಗಿಲಲ್ಲಿ ಬರ್ನಿಸ್ ನಿಂತಿದ್ದಳು. ಅವಳ ಹಿಂದೆ ಅರ್ಧ ಬೀದಿ.

ಕತೆ ಉಳಿಸಿಕೊಂಡರೆ ಹೆಂಡತಿ ಹೋಗುತ್ತಾಳೆ. ಹೆಂಡತಿಯನ್ನು ಉಳಿಸಿಕೊಂಡರೆ ಕತೆ ಹೋಗುತ್ತದೆ. ಹೋಗಲಿ ಆ ಹಗಲು ಚಂದ್ರ, ಅಂದುಕೊಂಡ ಲೆಸ್ಟರ್.

“ಬರ್ನಿಸ್, ಅದು ನಾನಲ್ಲ. ನಾನು ಆವತ್ತು...”

ಬರ್ನಿಸ್ ಫೋಟೊವನ್ನು ಬಹಳ ಹೊತ್ತು ನೋಡಿದಳು. “ಇದಕ್ಕೆ ಇಷ್ಟು ಜನವಾ?” ಅಂದಳು. “ಅದು ನಾನು ತಾನೆ. ಇಬ್ರೂ ಒಟ್ಟಿಗೆ ಹೋಗಿದ್ವಿ.”

ಬೀದಿ ಚಪ್ಪಾಳೆ ತಟ್ಟಿತು. ಡೊಲೊರೆಸ್ ಉಬ್ಬದ ಬ್ರೆಡ್ಡಿನ ಹಾಗೆ ಮುಖ ಮಾಡಿಕೊಂಡು ಬೇಕರಿಗೆ ಹೋದಳು.

ಮನೆಯ ದಾರಿಯಲ್ಲಿ ಲೆಸ್ಟರನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. “ಎಂಥ ಸುಳ್ಳು ಹೇಳ್ದೆ ಬರ್ನಿಸ್! ನನ್ನ ಮಾನ ಉಳಿಸ್ದೆ!”

“ಸುಳ್ಳೇನು? ಅದು ನಾನೇ. ಟಿಕೆಟ್ಟು ನಿನ್ನ ಕಂದು ಕೋಟಿನ ಜೇಬಲ್ಲಿದ್ವು, ತಗೊಂಡೆ.”

ಲೆಸ್ಟರ್ ನಿಂತುಬಿಟ್ಟ. “ಹಂಗಾದ್ರೆ... ಆ ಟೋಪಿಯವನು?”

“ಲೆಸ್ಟರ್,” ಅವಳ ದನಿ ಮೆತ್ತಗಿತ್ತು, “ಟಿಕೆಟ್ ಇಲ್ದೆ ಹೆಂಗೆ ಒಳಗೆ ಹೋದೆ ಅಂತ ಇಷ್ಟು ವರ್ಷದಲ್ಲಿ ನಾನು ಒಂದು ಸಲನಾದ್ರೂ ಕೇಳಿದ್ನಾ?”

ಕೇಳಿರಲಿಲ್ಲ.

“ಚೆಂಡು ನಿಲ್ಲಲಿಲ್ಲ, ಗೊತ್ತಾ. ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಬಂದು ಬಿತ್ತು. ನೀನು ಹೇಳೋದೇ ಚೆಂದ,” ಅಂದಳು, ಎಲ್ಲೋ ನೋಡುತ್ತ.

ಅಷ್ಟರಲ್ಲಿ ಕಾರ್ಮೈನ್ ಫೋಟೊ ಹಿಡಿದು ಓಡೋಡಿ ಬಂದ. “ಲೆಸ್ಟರ್, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ ಕಣೋ! ನಿನ್ನ ಮುಖದ ಕೆಳಗೆ ಒಂದು ಸಹಿ ಹಾಕು!”

ಅರ್ಧ ಕೆನ್ನೆಗೆ ನೊರೆ ಒಣಗಿಸಿಕೊಂಡು ನಿಂತಿದ್ದ ಲೆಸ್ಟರ್, ಪೆನ್ನು ತೆಗೆದುಕೊಂಡು ಆ ಪರಪುರುಷನ ಟೋಪಿಯ ಕೆಳಗೆ ಸಣ್ಣಗೆ ತನ್ನ ಹೆಸರು ಗೀಚತೊಡಗಿದ.

ಬರ್ನಿಸ್ ಬಗ್ಗಿ ನೋಡಿದಳು. “ದೊಡ್ಡದಾಗಿ ಬರಿ, ಲೆಸ್ಟರ್. ಎಲ್ಲರಿಗೂ ಕಾಣ್ಲಿ.”