ವದ್ದು ಸಾರ್, ವದ್ದು

ಬಾಯಿ ಸುಮ್ಮನಿರದವನನ್ನು ಫಜೀತಿ ಹುಡುಕಿಕೊಂಡು ಬರುತ್ತದೆ. ಎರಡನೇ ಭಾಷೆ ಅರ್ಧ ಮಾತ್ರ ಬರುವವನಾದರೆ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿಯುತ್ತದೆ. ದಾವಣಗೆರೆಯ ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ವಿಶಾಖಪಟ್ಟಣಕ್ಕೆ ಹೋದೆ, ಅಲ್ಲಿಂದ ವಿಜಯವಾಡಕ್ಕೆ ಬಂದೆ, ನಿವೃತ್ತನಾಗಿ ಅಲ್ಲಿನ ಪಟಮಟ ಬಡಾವಣೆಯಲ್ಲೇ ಉಳಿದೆ. ನನ್ನ ತೆಲುಗು ಮಾತ್ರ ಇನ್ನೂ ಪ್ರೊಬೇಷನ್ನಿನಲ್ಲಿದೆ.

ಈ ಫಜೀತಿಗಳಿಗೆಲ್ಲ ಸಾಕ್ಷಿ ನಮ್ಮ ಶಾಖೆಯ ಬಂದೂಕಿನ ಗಾರ್ಡು. ಯುದ್ಧ ಕಂಡ ಸಿಪಾಯಿ. ಮೊಣಕಾಲಲ್ಲಿ ಗುಂಡಿನ ಚೂರು ಇಟ್ಟುಕೊಂಡೇ ಫುಟ್‌ಬಾಲ್ ಆಡುವವರು. ಮೇಲಾಗಿ ಯೂನಿಯನ್ ಕಾರ್ಯದರ್ಶಿ. ನಾನು ಆಫೀಸರು, ಅಂದರೆ ಎದುರು ಪಾರ್ಟಿ.

೧. ಒದ್ದದ್ದು

ವಿಶಾಖಪಟ್ಟಣದಲ್ಲಿ ಬ್ಯಾಂಕುಗಳ ನಡುವೆ ಪಂದ್ಯ. ನಮ್ಮ ಕಡೆ ಒಬ್ಬ ಕಮ್ಮಿ. ಕ್ಯಾಪ್ಟನ್ ಆಗಿದ್ದ ಗಾರ್ಡು, ಸುಮ್ಮನೆ ನಿಂತಿದ್ದರೆ ಸಾಕು ಎಂದು ನನ್ನನ್ನು ನಮ್ಮ ಗೋಲಿನ ಮುಂದೆ ನಿಲ್ಲಿಸಿದರು. ಕೊನೇ ಗಳಿಗೆಯಲ್ಲಿ ಚೆಂಡು ನೇರ ನನ್ನ ಕಾಲಿಗೇ ಬಂತು. ನಾನು ಗೋಲಿನ ಕಡೆ ಮುಖ ಮಾಡಿ ಬೆವರುತ್ತಿದ್ದೆ. ಅವರು ದೂರದಿಂದ ಕೂಗಿದರು: "ವದ್ದು ಸಾರ್, ವದ್ದು!"

ದಾವಣಗೆರೆಯ ಕಿವಿಗೆ ಅದು 'ಒದ್ದುಬಿಡು' ಅಂತಲೇ ಕೇಳಿತು. ಜೀವಮಾನದ ಬಲ ಹಾಕಿ ಒದ್ದೆ. ಚೆಂಡು ನಮ್ಮ ಗೋಲಿನೊಳಗೇ ಹೋಯಿತು.

ಅವರು ಕುಂಟುತ್ತಾ ಬಂದು, ತೆಲುಗಿನಲ್ಲಿ ವದ್ದು ಅಂದರೆ 'ಬೇಡ' ಎಂದು ತಿಳಿಸಿದರು. ನಾನು ನಮ್ಮ ಕಡೆಯ ಅರ್ಥ ಹೇಳಿದೆ. ಸ್ವಲ್ಪ ಯೋಚಿಸಿ ಅಂದರು: "ಯುದ್ಧದಲ್ಲಿ ನೀವು ನಮ್ಮ ತುಕಡಿಯಲ್ಲಿ ಇರಲಿಲ್ಲ. ದೇವರು ದೊಡ್ಡವನು ಸಾರ್."

೨. ಒಪ್ಪಿದ್ದು

ಭಾನುವಾರವೂ ಕೆಲಸಕ್ಕೆ ಬರಬೇಕೆಂಬ ಆದೇಶ ಬಂತು. ಯೂನಿಯನ್ ಒಪ್ಪುತ್ತದೋ ಇಲ್ಲವೋ ಕೇಳಿಕೊಂಡು ಬಾ ಎಂದು ಮ್ಯಾನೇಜರು ನನ್ನನ್ನು ಗಾರ್ಡಿನ ಹತ್ತಿರ ಅಟ್ಟಿದರು. ಅವರು ಚೀಟಿಯ ಹಿಂದೆ ತೆಲುಗಿನಲ್ಲಿ ಎರಡೇ ಪದ ಬರೆದುಕೊಟ್ಟರು: ರೇಪು ಸಮ್ಮೆ.

ತೆಲುಗು ಲಿಪಿ ನಮ್ಮದರ ದಾಯಾದಿಯಷ್ಟೆ, ಓದಿದೆ. ರೇಪು ಅಂದರೆ ನಾಳೆ ಎಂದು ಗೊತ್ತಿತ್ತು. ಸಮ್ಮೆ ಅನ್ನುವುದು ಸಮ್ಮತಿಯ ತಮ್ಮನೇ ಇರಬೇಕೆಂದುಕೊಂಡು, ನಾಳೆ ಒಪ್ಪುತ್ತಾರಂತೆ ಎಂದು ವರದಿ ಒಪ್ಪಿಸಿದೆ. ಮ್ಯಾನೇಜರು ಮೇಲಿನವರಿಗೆ ಫೋನು ಮಾಡಿ ಬೀಗಿದರು.

ಮಾರನೇ ದಿನ ಗೇಟಿಗೆ ಕೆಂಪು ಬಾವುಟ. ಸಮ್ಮೆ ಅಂದರೆ ಮುಷ್ಕರ. ಒಳಗೆ ಬೈಸಿಕೊಂಡು ಹೊರಬಂದ ನನಗೆ ಗಾರ್ಡು ತಾವೇ ಚಹಾ ಕೊಟ್ಟು ಅಂದರು: "ನಿಮ್ಮಂಥ ಆಫೀಸರು ಇನ್ನಿಬ್ಬರು ಸಿಕ್ಕರೆ ನಮಗೆ ಯೂನಿಯನ್ನೇ ಬೇಡ."

೩. ಹೋದದ್ದು

ಗಾರ್ಡೂ ವಿಜಯವಾಡಕ್ಕೆ ಬಂದು ಭವಾನಿಪುರಂನಲ್ಲಿ ನೆಲೆಸಿದರು. ನನ್ನ ಫಜೀತಿಗಳನ್ನೆಲ್ಲ ಮನೆಯಲ್ಲಿ ಹೇಳಿ ಹೆಂಡತಿಯನ್ನು ನಗಿಸುತ್ತಿದ್ದರು. ಹಾಸಿಗೆ ಹಿಡಿದಾಗ ನನ್ನಿಂದ ಒಂದು ಮಾತು ತಗೊಂಡರು. "ನಾನು ಹೋದ ಮೇಲೆ ಸಭೆ ಮಾಡ್ತಾರೆ. ಎಲ್ಲರೂ ಅಳಿಸ್ತಾರೆ. ನೀವು ತೆಲುಗಿನಲ್ಲಿ ಮಾತಾಡಿ. ನಮ್ಮವಳು ಒಂದು ಸಲ ನಗಬೇಕು."

ಕಳೆದ ತಿಂಗಳು ಹೋದರು.

ಸಭೆಗೆ ಮೊದಲು ನನಗೆ ಮೂರು ದಿನ ಊಟ ಸೇರಲಿಲ್ಲ. ನಗಿಸಲು ಹೋಗಿ ಆ ತಾಯಿಯ ಮನಸ್ಸು ನೋಯಿಸಿದರೆ? ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದು ಪಕ್ಕದ ಮನೆ ಮೇಷ್ಟ್ರಿಂದ ತಿದ್ದಿಸಿದೆ. ಸಿಟಿ ಬಸ್ಸಿನಲ್ಲಿ ಗೊಣಗುತ್ತಾ ಹೋದದ್ದನ್ನು ಕಂಡು ಪಕ್ಕದವರು ಜಪವೆಂದುಕೊಂಡು ಕಾಲು ಹಿಂದೆಳೆದುಕೊಂಡರು.

ಸಭೆಯಲ್ಲಿ ಒಂದು ಕಡೆ ಪದಕ ತೊಟ್ಟ ಸಿಪಾಯಿಗಳು, ಇನ್ನೊಂದು ಕಡೆ ಕೆಂಪು ಶಾಲಿನವರು, ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಅವರ ಹೆಂಡತಿ. ಒಂದಕ್ಷರ ತಪ್ಪದೆ ಓದಿದೆ. ತಯಾರಿಸಿಕೊಂಡಿದ್ದ ಮೂರು ಹಾಸ್ಯಕ್ಕೆ ಒಂದು ಕೆಮ್ಮು ಬಂತು, ಅದೂ ನನ್ನದೇ. ಆಕೆ ತಲೆಯೆತ್ತಲಿಲ್ಲ.

ಉಳಿದದ್ದು ಕೊನೇ ಸಾಲು: ಮಮ್ಮಲ್ನಿ ವದಿಲಿ ವೆಳ್ಳಾರು, ನಮ್ಮನ್ನು ಬಿಟ್ಟು ಹೋದರು. ಕನ್ನಡಕ ಮಂಜಾಯಿತು. 'ವದಿಲಿ' ಅನ್ನಬೇಕಾದವನು, "ಮಮ್ಮಲ್ನಿ ವದ್ದು ವೆಳ್ಳಾರು" ಅಂದುಬಿಟ್ಟೆ.

ತೆಲುಗಿನವರಿಗೆ ಅದು 'ನಮ್ಮನ್ನು ಬೇಡ ಅಂತ ಹೋದರು'. ಕನ್ನಡದವನಿಗೆ 'ಒದ್ದು ಹೋದರು'. ಎರಡು ಭಾಷೆಯಲ್ಲೂ ಒಟ್ಟಿಗೆ ಕೆಡಿಸಿದ್ದೆ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡೆ.

ಆಕೆ ನಿಧಾನವಾಗಿ ತಲೆಯೆತ್ತಿದರು. ಭುಜ ಕುಲುಕಿತು, ಅಳುತ್ತಿದ್ದಾರೆಂದೇ ಹೆದರಿದೆ. ಸೆರಗು ಬಾಯಿಗೆ ಒತ್ತಿಕೊಂಡು, ಇಡೀ ಸಭೆಗೆ ಕೇಳುವಂತೆ ಕೇಳಿದರು:

"ಮತ್ತೆ ನಮ್ಮ ಗೋಲಿಗೇನಾ ಸಾರ್?"